ಹುಬ್ಬನ್ನೆತ್ತುವ ಶಸ್ತ್ರಕ್ರಿಯೆ: ಅದರ ಭರವಸೆ ಮತ್ತು ಫಲಗಳ ಚರಿತ್ರೆ

ವಯಸ್ಸಿನಿಂದಲೋ ವಂಶಗುಣದಿಂದಲೋ ಕೆಳಗಿಳಿದು ಕಣ್ಣಿನ ಮೇಲೆ ಭಾರವಾಗಿ ಕುಳಿತ ಹುಬ್ಬನ್ನು ಶಸ್ತ್ರದ ಸಹಾಯದಿಂದ ಮೇಲಕ್ಕೆತ್ತಿ, ಅದರೊಡನೆ ಹಣೆಯ ಸುಕ್ಕುಗಳನ್ನೂ ಕಳೆಯುವ ಚಿಕಿತ್ಸೆಗೆ ಈಗ ಒಂದು ಶತಮಾನಕ್ಕಿಂತ ತುಸು ಹೆಚ್ಚಿನ ಚರಿತ್ರೆಯುಂಟು. ವೈದ್ಯಗ್ರಂಥಗಳಲ್ಲಿ ಈ ಚರಿತ್ರೆಯನ್ನು ಸಾಮಾನ್ಯವಾಗಿ ಛೇದನಗಳ ಪಟ್ಟಿಯಾಗಿ ನಿರೂಪಿಸುತ್ತಾರೆ: ಇಂಥ ವರ್ಷ ಇಂಥವನು ಕೂದಲಿನ ಅಂಚಿನಲ್ಲಿ ಕೊಯ್ದನು, ಇನ್ನೊಬ್ಬನು ನೆತ್ತಿಯಲ್ಲಿ ಕೊಯ್ದನು, ಮತ್ತೊಬ್ಬನು ಕಪೋಲದ ಮೇಲ್ಗಡೆ ಕೊಯ್ದನು, ಎಂಬಂತೆ. ಪ್ರಕೃತ ಲೇಖನದಲ್ಲಿ ನಾವು ವಿವೇಚಿಸಲು ಉದ್ದೇಶಿಸಿರುವುದು ಬೇರೊಂದು ಪ್ರಶ್ನೆಯನ್ನು. ಶಸ್ತ್ರವೈದ್ಯನ ಎದುರಿಗೆ ಬಂದು ಕುಳಿತವರು ಏನನ್ನು ನಿರೀಕ್ಷಿಸಿ ಬಂದರು? ಅವರಿಗೆ ಯಾವ ಭರವಸೆ ದೊರೆಯಿತು? ಕೊನೆಗೆ ಕೈಗೂಡಿದುದೇನು? ಹಣೆಯನ್ನು ಬರಿಯ ಬಟ್ಟೆಯೆಂದು ಭಾವಿಸಿ ಎಳೆದಾಗಲೆಲ್ಲ ಭರವಸೆ ಸುಳ್ಳಾಯಿತೆಂದೂ, ಅದು ಪರಸ್ಪರ ಎಳೆದಾಡುವ ಸ್ನಾಯುಗಳ ಸಮತೋಲವೆಂದು ತಿಳಿದಾಗ ಮಾತ್ರ ವೈದ್ಯನ ಮಾತಿಗೂ ಫಲಕ್ಕೂ ಹೊಂದಿಕೆ ಬರತೊಡಗಿತೆಂದೂ ನಮಗೆ ತೋರುತ್ತದೆ.

ಮೊದಲಿಗೆ ಒಂದು ತಪ್ಪುಗ್ರಹಿಕೆಯನ್ನು ನಿವಾರಿಸುವುದು ಉಚಿತ. ರೂಪಚಿಕಿತ್ಸೆಯ ಮಾತು ಬಂದಾಗಲೆಲ್ಲ ಅದೆಲ್ಲವೂ ಸುಶ್ರುತನಲ್ಲಿಯೇ ಇದೆಯೆಂದು ಹೇಳಿಬಿಡುವ ರೂಢಿ ನಮ್ಮಲ್ಲುಂಟು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಪಕ್ಷ್ಮಕೋಪವೆಂಬ ರೋಗಕ್ಕೆ, ಎಂದರೆ ರೆಪ್ಪೆಗೂದಲುಗಳು ಒಳಮುಖವಾಗಿ ತಿರುಗಿ ಕಣ್ಣನ್ನು ಚುಚ್ಚುವ ಬಾಧೆಗೆ, ಒಂದು ಶಸ್ತ್ರಕ್ರಿಯೆ ವಿಹಿತವಾಗಿದೆ. ಹುಬ್ಬಿನ ಕೆಳಗೆ ಎರಡು ಪಾಲನ್ನೂ ರೆಪ್ಪೆಗೂದಲಿನ ಕಡೆ ಒಂದು ಪಾಲನ್ನೂ ಬಿಟ್ಟು, ನಡುವಣ ಚರ್ಮವನ್ನು ಜವೆಗೋಧಿಯ ಕಾಳಿನ ಆಕಾರದಲ್ಲಿ ಕೊಯ್ದು ತೆಗೆದು, ಕೂದಲೆಳೆಯಿಂದ ಹೊಲಿದು, ಹಣೆಗೆ ಪಟ್ಟಿಯೊಂದನ್ನು ಕಟ್ಟಿ ಹೊಲಿಗೆಯ ಎಳೆಯನ್ನು ಅದಕ್ಕೆ ಬಿಗಿಯಬೇಕೆಂದು ಅಲ್ಲಿ ಹೇಳಿದೆ. ಇಂದಿನ ಮೇಲುರೆಪ್ಪೆಯ ಶಸ್ತ್ರಕ್ರಿಯೆಗೆ ಇದು ಆಶ್ಚರ್ಯಕರವಾಗಿ ಸಮೀಪವಾಗಿದೆ, ಸಂಶಯವಿಲ್ಲ. ಆದರೆ ಅಲ್ಲಿಯ ಉದ್ದೇಶ ಕಣ್ಣಿನ ರಕ್ಷಣೆಯೇ ಹೊರತು ಚೆಲುವಲ್ಲ. ಹುಬ್ಬು ಅಲ್ಲಿ ಅಳತೆಯ ಗುರುತು ಮಾತ್ರ. ಇದನ್ನು ಹುಬ್ಬೆತ್ತುವ ಚಿಕಿತ್ಸೆಯ ಮೂಲವೆನ್ನುವುದು ಸುಶ್ರುತನಿಗೆ ಗೌರವ ತೋರಿದಂತಾಗದು.

ಹಣೆಯು ಆಧುನಿಕ ಶಸ್ತ್ರವೈದ್ಯದ ಗಮನಕ್ಕೆ ಬಂದುದು ಚಿಕಿತ್ಸೆ ಪಡೆಯುವ ಅಂಗವಾಗಿ ಅಲ್ಲ, ಚರ್ಮವನ್ನು ಒದಗಿಸುವ ಅಂಗವಾಗಿ. ಈ ವೃತ್ತಾಂತಕ್ಕೂ ಮೈಸೂರಿನ ಚರಿತ್ರೆಗೂ ನೇರವಾದ ಸಂಬಂಧವುಂಟು. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬವನು ಟಿಪ್ಪುವಿನ ಕಡೆಯವರ ಕೈಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ವರ್ಷವೊಂದರ ಮೇಲೆ ಪುಣೆಯ ಬಳಿಯ ಇಟ್ಟಿಗೆ ಕಸುಬಿನ ಜಾತಿಯವನೊಬ್ಬನು ಅವನ ಹಣೆಯ ಚರ್ಮವನ್ನು ಬುಡ ಕಡಿಯದೆ ಬಿಡಿಸಿ, ಕೆಳಕ್ಕೆ ತಿರುಗಿಸಿ, ಹೊಸ ಮೂಗನ್ನು ರಚಿಸಿಕೊಟ್ಟನು. ಮುಂಬಯಿ ಆಧಿಪತ್ಯದ ವೈದ್ಯರಾದ ಕ್ರೂಸೋ ಮತ್ತು ಫಿಂಡ್ಲೆ ಎಂಬವರು ಇದಕ್ಕೆ ಸಾಕ್ಷಿಗಳಾಗಿದ್ದರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ವೃತ್ತಾಂತವು ಚಿತ್ರಸಹಿತವಾಗಿ ಪ್ರಕಟವಾಯಿತು. ಅದನ್ನನುಸರಿಸಿ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಇದೇ ಶಸ್ತ್ರಕ್ರಿಯೆಯನ್ನು ಕೈಗೊಂಡು 1816ರಲ್ಲಿ ಗ್ರಂಥವನ್ನು ಹೊರತಂದನು. ಯುರೋಪಿನ ರೂಪಚಿಕಿತ್ಸೆಯ ಪುನರುದಯಕ್ಕೆ ಈ ಘಟನೆ ಒಂದು ಮುಖ್ಯ ಕಾರಣ. ಕವಾಸ್‌ಜಿಯ ನಿರೀಕ್ಷೆ ಸ್ಪಷ್ಟವಾಗಿತ್ತು. ಜನರ ನಡುವೆ ತಲೆಯೆತ್ತಿ ತಿರುಗಲು ಅವನಿಗೆ ಮೂಗು ಬೇಕಿತ್ತು, ಅದಕ್ಕಾಗಿ ಹಣೆಯ ಮೇಲೆ ಕಲೆಯೊಂದನ್ನು ಹೊರಲು ಅವನು ಸಿದ್ಧನಾಗಿದ್ದನು. ಮುಂದೆ ಹಣೆಯ ಚೆಲುವಿಗಾಗಿಯೇ ಹಣೆಯನ್ನು ಕೊಯ್ಯುವ ಕಾಲ ಬಂದಾಗ ಕಲೆಯ ಲೆಕ್ಕ ಇಷ್ಟು ಸುಲಭವಾಗಿ ಉಳಿಯಲಿಲ್ಲ.

ಆ ಕಾಲ ಬರಲು ಎರಡು ಅನುಕೂಲಗಳು ಅವಶ್ಯವಾಗಿದ್ದುವು. 1867ರಲ್ಲಿ ಲಿಸ್ಟರನು ಪ್ರಕಟಿಸಿದ ಕೀವುನಿರೋಧಕ ಕ್ರಮದಿಂದ ಗಾಯವು ಕೊಳೆಯುವ ಭಯ ಕಡಿಮೆಯಾಯಿತು. 1884ರಲ್ಲಿ ವಿಯೆನ್ನಾದ ಕೋಲರನು ಕೊಕೇನಿನಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದ ಮೇಲೆ, 1905ರ ಸುಮಾರಿಗೆ ನೋವೊಕೇನ್ ಬಳಕೆಗೆ ಬಂದ ಮೇಲೆ, ರೋಗಿಯ ಪ್ರಜ್ಞೆ ತಪ್ಪಿಸದೆಯೇ ಮುಖದ ಚರ್ಮವನ್ನು ಕೊಯ್ಯುವುದು ಸಾಧ್ಯವಾಯಿತು. ರೋಗವಿಲ್ಲದವರು ಶಸ್ತ್ರಕ್ಕೆ ಮುಖವೊಡ್ಡುವ ಧೈರ್ಯ ಮಾಡಿದುದು ಇವುಗಳ ಅನಂತರವೇ.

ಇಲ್ಲಿ ಅಂಗರಚನೆಯನ್ನು ಸ್ವಲ್ಪ ವಿವರಿಸದೆ ಮುಂದಿನದು ಅರ್ಥವಾಗಲಾರದು. ಹುಬ್ಬನ್ನು ಮೇಲಕ್ಕೆತ್ತುವ ಸ್ನಾಯು ಒಂದೇ: ಹಣೆಯ ಮೇಲೆ ನೇರವಾಗಿ ಹರಡಿರುವ ಲಲಾಟಸ್ನಾಯು. ಅಡ್ಡ ಸುಕ್ಕುಗಳು ಅದರ ಕೆಲಸದ ಗುರುತುಗಳು. ಕೆಳಕ್ಕೆಳೆಯುವವು ಹಲವು. ಹುಬ್ಬುಗಳನ್ನು ನಡುವಿಗೆ ಸೆಳೆದು ಎರಡು ಹುಬ್ಬುಗಳ ನಡುವೆ ನಿಂತ ಗೆರೆಗಳನ್ನು ಮೂಡಿಸುವ ಭ್ರೂಸಂಕೋಚಕ, ಮೂಗಿನ ಬೇರಿನಲ್ಲಿ ಅಡ್ಡಗೆರೆ ಎಳೆಯುವ ಪುಟ್ಟ ಸ್ನಾಯು, ಕಣ್ಣನ್ನು ಸುತ್ತಿ ನಿಂತಿರುವ ನೇತ್ರವಲಯ ಸ್ನಾಯು, ಇವೆಲ್ಲ ಒಂದು ಪಕ್ಷ. ಇದಲ್ಲದೆ ಲಲಾಟಸ್ನಾಯುವು ಕಪೋಲದವರೆಗೆ ಪೂರ್ತಿಯಾಗಿ ವಿಸ್ತರಿಸುವುದಿಲ್ಲ. ಆದಕಾರಣ ಹುಬ್ಬಿನ ಹೊರತುದಿಗೆ ಎತ್ತುವವರ ಆಸರೆ ಕಡಿಮೆ, ಜೋಲುವುದು ಮೊದಲು ಅದೇ. ಕನ್ನಡದ ನುಡಿಗಟ್ಟುಗಳಿಗೆ ಈ ಎರಡು ಪಕ್ಷಗಳೂ ಬಹುಕಾಲದಿಂದ ಪರಿಚಿತ. ಹುಬ್ಬು ಗಂಟಿಕ್ಕುವುದು ಒಂದರ ಕೆಲಸ, ಹುಬ್ಬೇರಿಸುವುದು ಇನ್ನೊಂದರ ಕೆಲಸ. ಫ್ರಾನ್ಸಿನ ದ್ಯುಶೆನ್ 1862ರಲ್ಲಿ ವಿದ್ಯುತ್ಪ್ರವಾಹದಿಂದ ಮುಖದ ಸ್ನಾಯುಗಳನ್ನು ಒಂದೊಂದಾಗಿ ಸಂಕುಚಿಸಿ ನೋಡಿ ಭ್ರೂಸಂಕೋಚಕವನ್ನು ವೇದನೆಯ ಸ್ನಾಯುವೆಂದು ಕರೆದನು. ಡಾರ್ವಿನ್ನನು 1872ರ ತನ್ನ ಗ್ರಂಥದಲ್ಲಿ ಈ ಪ್ರಯೋಗಗಳನ್ನು ಬಳಸಿಕೊಂಡನು. ಹೀಗಿರಲು, ಹುಬ್ಬು ಸ್ನಾಯುಗಳ ಹತೋಟಿಯಲ್ಲಿದೆಯೆಂಬ ಜ್ಞಾನವು ಮೊದಲ ಶಸ್ತ್ರವೈದ್ಯರ ಕೈಯಳವಿನಲ್ಲಿಯೇ ಇದ್ದಿತು. ಅವರಲ್ಲಿ ಬಹುಮಂದಿ ಅದನ್ನು ಗಮನಿಸಲಿಲ್ಲವೆಂಬುದೇ ಆಶ್ಚರ್ಯ.

ಗಮನಿಸಿದವನೊಬ್ಬನು ಷಿಕಾಗೊವಿನ ಚಾರ್ಲ್ಸ್ ಮಿಲ್ಲರ್. ಅವನು 1907ರಲ್ಲಿ ಮುಖದ ಗೆರೆಗಳನ್ನು ಹೋಗಲಾಡಿಸಲು ಚರ್ಮದಡಿಯ ಸ್ನಾಯುಗಳನ್ನು ಕತ್ತರಿಸುವ ಕ್ರಮವನ್ನು ವಿವರಿಸಿದನು. ಮುಖದ ಕುಂದುಗಳ ತಿದ್ದುಪಡಿಯನ್ನು ಕುರಿತ ಅವನ ಪುಸ್ತಕ ಪ್ರಕಟವಾದುದೂ ಅದೇ ವರ್ಷ. ಆದರೆ ಮಿಲ್ಲರನು ಸಂಭಾವಿತ ವೈದ್ಯವರ್ಗದ ಮನ್ನಣೆಗೆ ಪಾತ್ರನಾಗಲಿಲ್ಲ. ಸೌಂದರ್ಯಕ್ಕಾಗಿ ಕತ್ತಿ ಹಿಡಿದವನನ್ನು ಅಂದಿನ ವೈದ್ಯಸಂಘಗಳು ಜಾಹೀರಾತಿನ ನಕಲಿ ವೈದ್ಯರ ಸಾಲಿನಲ್ಲಿಯೇ ನಿಲ್ಲಿಸುತ್ತಿದ್ದುವು. ಅವನ ಸರಿಯಾದ ಸೂಚನೆಯೂ ಅವನ ಹೆಸರಿನೊಡನೆಯೇ ಮರೆಯಾಯಿತು.

ಈ ಚರಿತ್ರೆಯಲ್ಲಿ ನಮಗೆ ಅತ್ಯಂತ ಆಕರ್ಷಕವೆನಿಸಿರುವ ವ್ಯಕ್ತಿ ಪ್ಯಾರಿಸಿನ ಸೂಜಾನ್ ನೋಯೆಲ್. 1878ರಲ್ಲಿ ಜನಿಸಿದ ಆಕೆ, ತನ್ನ ಗ್ರಂಥದಲ್ಲಿ ಹೇಳಿಕೊಂಡಿರುವಂತೆ, ಈ ಮಾರ್ಗಕ್ಕೆ ತಿರುಗಿದುದು 1912ರಲ್ಲಿ ಒಬ್ಬ ಮಹಾನಟಿಯು ಅಮೆರಿಕೆಯಿಂದ ಹಿಂತಿರುಗಿದ ಸುದ್ದಿಯನ್ನು ಓದಿ. ಆ ನಟಿ ಸಾರಾ ಬರ್ನ್‌ಹಾರ್ಟ್ ಎಂದು ಚರಿತ್ರಕಾರರು ಗುರುತಿಸಿದ್ದಾರೆ. ನಟಿಯ ನೆತ್ತಿಯ ಕೂದಲಿನ ನಡುವೆ ಚರ್ಮದ ಪಟ್ಟಿಯೊಂದನ್ನು ಕೊಯ್ದು ತೆಗೆದಿದ್ದರು. ಅದರಿಂದ ಹಣೆಯ ಸುಕ್ಕುಗಳೂ ಕಣ್ಣಿನ ಹೊರಗೊನೆಯ ಗೆರೆಗಳೂ ತಗ್ಗಿದ್ದುವು, ಮುಖದ ಕೆಳಭಾಗ ಮಾತ್ರ ಇದ್ದಂತೆಯೇ ಇದ್ದಿತು. ನೋಯೆಲ್ ಕನ್ನಡಿಯ ಮುಂದೆ ನಿಂತು ತನ್ನ ಮುಖದ ಚರ್ಮವನ್ನು ಬೆರಳುಗಳಿಂದ ಅಲ್ಲಲ್ಲಿ ಚಿವುಟಿ ಹಿಡಿದು ಎಲ್ಲಿ ಎಳೆದರೆ ಏನಾಗುವುದೆಂದು ಪರೀಕ್ಷಿಸಿದಳು. ಮುಂದೆ ಮೊದಲನೆಯ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ಮೊರೆಸ್ತ್ಯಾನನ ಬಳಿ ಶಿಕ್ಷಣ ಪಡೆದಳು. 1926ರಲ್ಲಿ ಪ್ರಕಟವಾದ ಆಕೆಯ ಗ್ರಂಥದ ಹೆಸರೇ ಗಮನಾರ್ಹ: ರೂಪಚಿಕಿತ್ಸೆಯ ಸಾಮಾಜಿಕ ಪಾತ್ರವನ್ನು ಅದು ಹೆಸರಿನಲ್ಲಿಯೇ ಸಾರುತ್ತದೆ.

ನೋಯೆಲಳ ಶಸ್ತ್ರಕ್ರಿಯೆ ಸರಳ. ಸ್ಥಳೀಯ ಅರಿವಳಿಕೆ ಕೊಟ್ಟು, ಕೂದಲಿನ ಅಂಚಿನಲ್ಲಿ ಚರ್ಮದ ಸಣ್ಣ ಪಟ್ಟಿಗಳನ್ನು ತೆಗೆದು ಹೊಲಿಯುತ್ತಿದ್ದಳು. ಬಂದವರು ಅದೇ ದಿನ ಹೊಲಿಗೆಯನ್ನು ಕೂದಲಿನಲ್ಲಿ ಮರೆಮಾಡಿಕೊಂಡು ನಡೆದೇ ಮನೆಗೆ ಹೋಗುತ್ತಿದ್ದರು. ಬಂದವರಲ್ಲಿ ಸಿರಿವಂತ ಮಹಿಳೆಯರಷ್ಟೇ ಇರಲಿಲ್ಲ. ಮುಖದಲ್ಲಿ ವಯಸ್ಸು ಕಂಡುದರಿಂದ ಕೆಲಸ ಹೋದೀತೆಂದು ಹೆದರಿದ ದುಡಿಯುವ ಹೆಂಗಸರೂ ಇದ್ದರು. ಸ್ತ್ರೀಯರ ಹಕ್ಕುಗಳ ಹೋರಾಟಗಾರ್ತಿಯೂ 1924ರಲ್ಲಿ ಪ್ಯಾರಿಸಿನ ಸೊರಾಪ್ಟಿಮಿಸ್ಟ್ ಸಂಘದ ಸ್ಥಾಪಕಿಯೂ ಆಗಿದ್ದ ಆಕೆಗೆ ಇದು ಬರಿಯ ಶೃಂಗಾರದ ವಿಷಯವಾಗಿರಲಿಲ್ಲ. ಕವಾಸ್‌ಜಿಯ ಮೂಗು ಅವಶ್ಯಕ, ಈ ಹೆಂಗಸರ ಹುಬ್ಬು ವಿಲಾಸ ಎಂಬ ವಿಂಗಡಣೆಯನ್ನು ನಾವು ಸುಲಭವಾಗಿ ಮಾಡಿಬಿಡುತ್ತೇವೆ. ಸಂಬಳವು ಮುಖವನ್ನು ಅವಲಂಬಿಸಿದ್ದ ಊರಿನಲ್ಲಿ ಆ ವಿಂಗಡಣೆ ಅಷ್ಟು ದೃಢವಾಗಿ ನಿಲ್ಲುವುದಿಲ್ಲ. ಆದರೆ ಇದರಿಂದಲೇ ಇನ್ನೊಂದು ತೊಡಕು ಏಳುತ್ತದೆ. ಅನ್ನಕ್ಕಾಗಿ ಹುಬ್ಬನ್ನೆತ್ತಿಸಿಕೊಂಡವಳಿಗೆ ಅದು ಎಷ್ಟು ಕಾಲ ನಿಲ್ಲುವುದೆಂಬುದು ಬಹು ಮುಖ್ಯ. ಚರ್ಮವನ್ನಷ್ಟೇ ಎಳೆದ ಶಸ್ತ್ರಕ್ರಿಯೆಯ ಫಲ ಹೆಚ್ಚು ಕಾಲ ನಿಲ್ಲುತ್ತಿರಲಿಲ್ಲ. ಚರ್ಮ ಹಿಗ್ಗುತ್ತದೆ, ಕೆಳಗೆಳೆಯುವ ಸ್ನಾಯುಗಳು ಮೊದಲಿನಂತೆಯೇ ಎಳೆಯುತ್ತಿರುತ್ತವೆ. ಚಿಕಿತ್ಸೆಯನ್ನು ಮತ್ತೆ ಮತ್ತೆ ಮಾಡಿಸಿಕೊಳ್ಳಬೇಕಾಗುತ್ತಿತ್ತು.

ಮೊರೆಸ್ತ್ಯಾನನ ಇನ್ನೊಬ್ಬ ಶಿಷ್ಯ ರೇಮಂ ಪಾಸೊ 1919ರಲ್ಲಿಯೇ ಕೂದಲಂಚಿನಲ್ಲಿಯೂ ಹಣೆಯಲ್ಲಿಯೂ ಚರ್ಮದ ತುಂಡುಗಳನ್ನು ತೆಗೆದು ಹುಬ್ಬನ್ನೇರಿಸುವ ಕ್ರಮವನ್ನು ಪ್ರಕಟಿಸಿದ್ದನು. ನೋಯೆಲಳ ಗ್ರಂಥ ಬಂದ 1926ರಲ್ಲಿಯೇ ಅಮೆರಿಕೆಯ ಹಂಟ್ ಕಿವಿಯಿಂದ ಕಿವಿಯವರೆಗೆ ನೆತ್ತಿಯ ಮೇಲೆ ಹಾಯುವ ಉದ್ದ ಛೇದನವನ್ನು ವರ್ಣಿಸಿದನು. 1933ರಲ್ಲಿ ಪಾಸೊ ಇನ್ನೊಂದು ಹೆಜ್ಜೆ ಮುಂದಿಟ್ಟು, ಹಣೆಗೆ ಹೋಗುವ ಮುಖನರದ ಶಾಖೆಯನ್ನೇ ಕತ್ತರಿಸಿ ಸುಕ್ಕುಗಳನ್ನು ಅಳಿಸಲು ಯತ್ನಿಸಿದನು. ಸುಕ್ಕು ಅಳಿಸಿತು. ಆದರೆ ಹುಬ್ಬನ್ನೆತ್ತುವ ಏಕೈಕ ಸ್ನಾಯುವಿನ ನರವನ್ನು ಕಡಿದರೆ ಹುಬ್ಬು ಇನ್ನಷ್ಟು ಕೆಳಗಿಳಿಯದೆ ಇನ್ನೇನಾದೀತು? ಕಾರಣವನ್ನು ಬಿಟ್ಟು ಗುರುತಿಗೆ ಮಾಡಿದ ಚಿಕಿತ್ಸೆಗೆ ಇದಕ್ಕಿಂತ ಉತ್ತಮವಾದ ನಿದರ್ಶನ ನಮಗೆ ದೊರೆತಿಲ್ಲ. ಇಷ್ಟಾದರೂ 1957ರಷ್ಟು ಈಚೆಗೆ ಎಡ್ವರ್ಡ್ಸ್ ಎಂಬಾತನು ಇದೇ ನರಚ್ಛೇದನವನ್ನು ಮತ್ತೆ ಸೂಚಿಸಿದನು.

ಈ ನಡುವೆ ಪ್ಯಾರಿಸಿನಲ್ಲಿ ನಡೆದ ಮೊಕದ್ದಮೆಯೊಂದು ಹುಬ್ಬಿಗೆ ಸಂಬಂಧಿಸಿದುದಲ್ಲವಾದರೂ ನಮ್ಮ ಪ್ರಶ್ನೆಗೆ ಸಂಬಂಧಿಸಿದೆ. ದ್ಯುಜಾರಿಯೆ ಎಂಬ ಹೆಸರಾಂತ ಶಸ್ತ್ರವೈದ್ಯನು ತರುಣಿಯೊಬ್ಬಳ ದಪ್ಪ ಮೀನಖಂಡಗಳನ್ನು ತೆಳ್ಳಗೆ ಮಾಡಲು ಹೋಗಿ, ಅಂಗ ಕೊಳೆತು, ಕಾಲನ್ನೇ ಕತ್ತರಿಸಬೇಕಾಯಿತು. 1929ರಲ್ಲಿ ನ್ಯಾಯಾಲಯವು ಎರಡು ಲಕ್ಷ ಫ್ರಾಂಕುಗಳ ಪರಿಹಾರವನ್ನು ವಿಧಿಸಿತಲ್ಲದೆ, ಆರೋಗ್ಯವಾದ ಅಂಗದ ಮೇಲೆ ಕೇವಲ ರೂಪಕ್ಕಾಗಿ ಗಂಭೀರವಾದ ಅಪಾಯವನ್ನೊಡ್ಡುವುದೇ ತಪ್ಪೆಂದು ಅಭಿಪ್ರಾಯಪಟ್ಟಿತು. 1931ರಲ್ಲಿ ಮೇಲ್ಮನವಿಯ ನ್ಯಾಯಾಲಯ ಈ ತತ್ತ್ವದ ಕಾಠಿಣ್ಯವನ್ನು ಸಡಿಲಿಸಿತು. ಅಂದಿನಿಂದ ಪ್ರಶ್ನೆಯು ರೂಪಕ್ಕಾಗಿ ಕೊಯ್ಯಬಹುದೇ ಎಂಬುದರಿಂದ, ಏನಾಗಬಹುದೆಂದು ಮುಂಚೆ ತಿಳಿಸಲಾಗಿತ್ತೇ ಎಂಬುದರ ಕಡೆಗೆ ಕ್ರಮೇಣ ವಾಲಿತು.

1930ರ ದಶಕದಿಂದ ಮುಂದಿನ ಸುಮಾರು ಮೂವತ್ತು ವರ್ಷ ಹುಬ್ಬೆತ್ತುವ ಕಾರ್ಯ ಹಿಂದೆ ಬಿದ್ದಿತು. ಫಲ ಅಲ್ಪಾಯುವೆಂಬ ಅಪಖ್ಯಾತಿಯೇ ಇದಕ್ಕೆ ಮುಖ್ಯ ಕಾರಣ. 1962ರಲ್ಲಿ ಮೆಕ್ಸಿಕೊವಿನ ಗೊನ್ಸಾಲೆಸ್ ಉಲ್ಯೋವಾ ಅದನ್ನು ಮುಖದ ಸುಕ್ಕು ತೆಗೆಯುವ ಶಸ್ತ್ರಕ್ರಿಯೆಯ ಅಂಗವಾಗಿ ಮತ್ತೆ ಮುಂದಕ್ಕೆ ತಂದನು. 1970ರ ದಶಕದಲ್ಲಿ ನೆತ್ತಿಯ ಉದ್ದ ಛೇದನದ ಮೂಲಕ ಹಣೆಯನ್ನು ಪೂರ್ತಿಯಾಗಿ ಬಿಡಿಸಿ, ಗಂಟಿಕ್ಕುವ ಸ್ನಾಯುಗಳನ್ನು ಕಣ್ಣಾರೆ ಕಂಡು ಕತ್ತರಿಸಿ, ಅನಂತರ ನೆತ್ತಿಯ ಚರ್ಮದ ಪಟ್ಟಿಯನ್ನು ತೆಗೆದು ಹೊಲಿಯುವ ಕ್ರಮ ನೆಲೆಗೊಂಡಿತು. ಮಿಲ್ಲರನ ಮರೆತುಹೋದ ಸೂಚನೆ ಹೀಗೆ ಎಪ್ಪತ್ತು ವರ್ಷಗಳ ಮೇಲೆ ಅಂಗೀಕೃತವಾಯಿತು. ಫಲ ಈಗ ವರ್ಷಗಟ್ಟಲೆ ನಿಲ್ಲತೊಡಗಿತು. ಆದರೆ ಅದರ ಬೆಲೆಯನ್ನೂ ಹೇಳಬೇಕು. ಹುಬ್ಬು ಒಂದು ಮಿಲಿಮೀಟರು ಏರಬೇಕಾದರೆ ನೆತ್ತಿಯಲ್ಲಿ ಸುಮಾರು ಒಂದೂವರೆಯಿಂದ ಎರಡು ಮಿಲಿಮೀಟರು ಚರ್ಮವನ್ನು ತೆಗೆಯಬೇಕು. ಕೂದಲಿನ ಅಂಚು ಹಿಂದಕ್ಕೆ ಸರಿದು ಹಣೆ ಅಗಲವಾಗುತ್ತದೆ. ಹಣೆಯಿಂದ ನೆತ್ತಿಗೆ ಏರುವ ಸ್ಪರ್ಶನರಗಳು ಛೇದನದಲ್ಲಿ ತುಂಡಾಗುವುದರಿಂದ ಅದರ ಹಿಂದಿನ ನೆತ್ತಿ ಮರಗಟ್ಟುತ್ತದೆ. ಕೆಲವರಿಗೆ ಅದು ಶಾಶ್ವತ. ಬೋಳುತಲೆಯ ಗಂಡಸರಿಗೆ ಕಲೆಯನ್ನು ಅಡಗಿಸಲು ಎಡೆಯೇ ಇಲ್ಲ.

ಈ ಬೆಲೆಯನ್ನು ತಗ್ಗಿಸಿದುದು ಅಂತರ್ದರ್ಶಕ ಯಂತ್ರ. 1990ರ ದಶಕದ ಮೊದಲಲ್ಲಿ ಅಮೆರಿಕೆಯ ವಾಸ್ಕೋನೆಸ್, ಇಸ್ಸೆ ಮುಂತಾದವರು ಕೂದಲಿನ ಒಳಗೆ ಮೂರರಿಂದ ಐದು ಚಿಕ್ಕ ಗಾಯಗಳನ್ನು ಮಾಡಿ, ದೀಪವೂ ಮಸೂರವೂ ಉಳ್ಳ ಸಣ್ಣ ಕೊಳವೆಯನ್ನು ಒಳಹೊಗಿಸಿ, ಹೊರಗಿನ ತೆರೆಯಲ್ಲಿ ನೋಡುತ್ತ ಕೆಲಸ ಮಾಡುವ ಕ್ರಮವನ್ನು ರೂಢಿಸಿದರು. ಇಲ್ಲಿ ಚರ್ಮವನ್ನು ಕತ್ತರಿಸಿ ತೆಗೆಯುವುದೇ ಇಲ್ಲ. ಕಣ್ಣುಗೂಡಿನ ಮೇಲಂಚಿನಲ್ಲಿ ಹಣೆಯನ್ನು ಎಲುಬಿಗೆ ಅಂಟಿಸಿರುವ ಪೊರೆಯನ್ನು ಬಿಡಿಸಿ, ಕೆಳಗೆಳೆಯುವ ಸ್ನಾಯುಗಳನ್ನು ದುರ್ಬಲಗೊಳಿಸಿ, ಇಡಿಯ ಹಣೆಯನ್ನು ಮೇಲಕ್ಕೆ ಸರಿಸಿ, ಪೊರೆಯು ಮತ್ತೆ ಎಲುಬಿಗೆ ಕಚ್ಚಿಕೊಳ್ಳುವವರೆಗೆ ಹೊಲಿಗೆಯಿಂದಲೋ ಚಿಕ್ಕ ತಿರುಪಿನಿಂದಲೋ ಹಿಡಿದಿಡುತ್ತಾರೆ. ಎಳೆಯುವುದಕ್ಕೆ ಬದಲು ಬಿಡಿಸುವುದೇ ಇಲ್ಲಿ ಮುಖ್ಯವಾಯಿತೆಂಬುದು ನಮ್ಮ ದೃಷ್ಟಿಯಲ್ಲಿ ಈ ಚರಿತ್ರೆಯ ನಿಜವಾದ ತಿರುವು. ಹೊರತುದಿಯನ್ನು ಮಾತ್ರ ಎತ್ತಬೇಕಾದಾಗ ಕಪೋಲದ ಮೇಲಿನ ಕೂದಲಿನೊಳಗೆ ಒಂದು ಗಾಯವೇ ಸಾಕೆಂದು ನೈಜ್ 1996ರಲ್ಲಿ ತೋರಿಸಿದನು.

ಅದೇ ಕಾಲದಲ್ಲಿ ಕತ್ತಿಯಿಲ್ಲದ ಪ್ರತಿಸ್ಪರ್ಧಿಯೊಂದು ಹುಟ್ಟಿತು. ಕೆನಡಾದ ವ್ಯಾಂಕೂವರಿನಲ್ಲಿ ನೇತ್ರವೈದ್ಯೆ ಜೀನ್ ಕರೂಥರ್ಸ್, ರೆಪ್ಪೆಗಳ ಸೆಳೆತಕ್ಕೆ ಬಾಟ್ಯುಲಿನಮ್ ವಿಷದ ಸೂಜಿಮದ್ದನ್ನು ಕೊಡುತ್ತಿದ್ದಾಗ ರೋಗಿಗಳ ಹುಬ್ಬಿನ ನಡುವಣ ಗೆರೆಗಳು ಮಾಯವಾಗುವುದನ್ನು ಕಂಡರು. ಅವರೂ ಚರ್ಮವೈದ್ಯರಾದ ಪತಿ ಅಲಸ್ಟೇರ್ ಅವರೂ 1992ರಲ್ಲಿ ಇದನ್ನು ಪ್ರಕಟಿಸಿದರು. 2002ರಲ್ಲಿ ಅಮೆರಿಕೆಯ ಔಷಧಾಡಳಿತವು ಈ ಬಳಕೆಗೆ ಒಪ್ಪಿಗೆಯಿತ್ತಿತು. ಇದರ ಫಲ ಮೂರು ನಾಲ್ಕು ತಿಂಗಳು ಮಾತ್ರ. ಆದರೂ ಗಂಟಿಕ್ಕುವ ಸ್ನಾಯು ಸುಮ್ಮನಾದರೆ ಎತ್ತುವ ಸ್ನಾಯು ತಾನಾಗಿಯೇ ಹುಬ್ಬನ್ನು ತುಸು ಏರಿಸುವುದೆಂಬುದು ಇದರಿಂದ ಎಲ್ಲರ ಕಣ್ಣಿಗೂ ಕಾಣುವಂತಾಯಿತು. ಮದ್ದನ್ನು ಲಲಾಟಸ್ನಾಯುವಿಗೇ ಅತಿಯಾಗಿ ಕೊಟ್ಟರೆ ಹುಬ್ಬು ಜೋಲುತ್ತದೆ; ಪಾಸೊ ಮಾಡಿದ ತಪ್ಪು ಇಲ್ಲಿ ಕೆಲವು ತಿಂಗಳ ಮಟ್ಟಿಗೆ ಮರುಕಳಿಸುತ್ತದೆ, ಅಷ್ಟೆ.

ಹುಬ್ಬು ಎಲ್ಲಿರಬೇಕೆಂಬ ಪ್ರಶ್ನೆಯನ್ನು ಇದುವರೆಗೆ ನಾವು ಎತ್ತಲಿಲ್ಲ. ಶಸ್ತ್ರವೈದ್ಯರು ಬಹುಕಾಲ ಅನುಸರಿಸಿದ ಮಾನದಂಡ ಅಂಗರಚನಾಶಾಸ್ತ್ರದಿಂದ ಬಂದುದಲ್ಲ. 1970ರ ದಶಕದಲ್ಲಿ ಪ್ರಸಾಧನ ಕಲೆಯ ವೆಸ್ಟ್‌ಮೋರ್ ಹಾಕಿಕೊಟ್ಟ ಸೂತ್ರ ಅದು. ಹುಬ್ಬಿನ ಕಮಾನು ಕರಿಯಾಲಿಯ ಹೊರ ಅಂಚಿನ ನೇರಕ್ಕೆ ಅತಿ ಎತ್ತರವಾಗಿರಬೇಕೆಂಬುದು ಅದರ ಸಾರ. ಬಣ್ಣ ಹಚ್ಚುವವರ ಕೋಣೆಯಿಂದ ಬಂದ ಅಳತೆಗಾಗಿ ಎಷ್ಟೋ ಮುಖಗಳು ಕತ್ತಿಗೆ ಒಳಗಾದುವು. ಒಳತುದಿಯನ್ನು ಅತಿಯಾಗಿ ಏರಿಸಿಕೊಂಡು ಸದಾ ಬೆರಗಾದಂತೆ ಕಾಣುವ ಮುಖಗಳೂ ಈ ಅವಸರದ ಫಲವೇ. ವಯಸ್ಸಾದಂತೆ ಹುಬ್ಬು ಇಳಿಯುವುದೆಂಬ ಮೂಲಭಾವನೆಯೇ ಪೂರ್ತಿ ಸತ್ಯವಲ್ಲವೆಂದು ಈಚಿನ ಅಳತೆಗಳು ತೋರಿಸಿವೆ. ಅನೇಕರಲ್ಲಿ ಒಳತುದಿಯು ವಯಸ್ಸಿನೊಡನೆ ಏರುತ್ತದೆ. ಭಾರವಾದ ರೆಪ್ಪೆಯ ಅಡಿಯಿಂದ ನೋಡಲು ಹಣೆಯು ಅರಿವಿಲ್ಲದೆಯೇ ದುಡಿಯುತ್ತಿರುವುದು ಇದಕ್ಕೆ ಒಂದು ಕಾರಣ. ಅಂಥವರಿಗೆ ರೆಪ್ಪೆಯನ್ನು ಮಾತ್ರ ಸರಿಪಡಿಸಿದರೆ ಹಣೆ ವಿಶ್ರಮಿಸಿ ಹುಬ್ಬು ಕೆಳಗಿಳಿಯುವುದೂ ಉಂಟು.

ಇಂದು ಬೆಂಗಳೂರಿನಲ್ಲಿಯೂ ದೊರೆಯುವ ಈ ಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬಹುದು? ಚಿಕ್ಕ ಗಾಯಗಳ ಕ್ರಮದಲ್ಲಿ ಬಹುಮಂದಿ ಅದೇ ದಿನವೋ ಮರುದಿನವೋ ಮನೆಗೆ ಹೋಗುತ್ತಾರೆ. ಊತವೂ ಹೆಪ್ಪುಗಟ್ಟಿದ ನೀಲಿಯೂ ಮೊದಲ ದಿನಗಳಲ್ಲಿ ಹಣೆಯಿಂದ ಕಣ್ಣಿನ ಸುತ್ತ ಇಳಿದು ಹತ್ತು ಹದಿನಾಲ್ಕು ದಿನಗಳಲ್ಲಿ ತಗ್ಗುತ್ತವೆ. ಹೊಲಿಗೆಗಳನ್ನು ಒಂದು ವಾರ ಹತ್ತು ದಿನಗಳೊಳಗೆ ತೆಗೆಯುತ್ತಾರೆ. ನೆತ್ತಿಯ ಮರಗಟ್ಟುವಿಕೆ ವಾರಗಳಿಂದ ತಿಂಗಳುಗಳವರೆಗೆ ಇದ್ದು, ಸ್ಪರ್ಶಜ್ಞಾನ ಮರಳುವಾಗ ತುರಿಕೆಯಾಗಿ ಕಾಡುತ್ತದೆ. ಗಾಯದ ಬಳಿ ಕೂದಲುದುರುವುದು, ಎರಡು ಹುಬ್ಬುಗಳು ಸರಿಸಮವಾಗಿ ನಿಲ್ಲದಿರುವುದು, ಮುಖನರದ ಶಾಖೆಗೆ ಪೆಟ್ಟಾಗಿ ಒಂದು ಕಡೆಯ ಹುಬ್ಬು ಏರದಿರುವುದು, ಇವು ತಿಳಿದಿರಬೇಕಾದ ಅಪಾಯಗಳು. ಕೊನೆಯದು ಬಹುಪಾಲು ತಾತ್ಕಾಲಿಕ. ಮೊದಲ ವಾರಗಳಲ್ಲಿ ಹುಬ್ಬು ಬೇಕಾದುದಕ್ಕಿಂತ ಎತ್ತರವಾಗಿ ತೋರಿ ಅನಂತರ ಇಳಿದು ನೆಲೆಗೊಳ್ಳುತ್ತದೆ.

ಈ ಚರಿತ್ರೆಯ ಆಕರಗಳ ಬಗೆಗೆ ಒಂದು ಎಚ್ಚರಿಕೆಯನ್ನು ಸೇರಿಸಬೇಕಾಗಿದೆ. ನೋಯೆಲಳ ಕಾಲದಿಂದ ಇಂದಿನವರೆಗೆ ಚಿಕಿತ್ಸೆಯ ಮುಂಚಿನ ಮತ್ತು ಅನಂತರದ ಭಾವಚಿತ್ರಗಳೇ ಪ್ರಮಾಣವಾಗಿ ಬಂದಿವೆ. ಆದರೆ ಹುಬ್ಬು ಮನಸ್ಸಿನ ಅಧೀನದಲ್ಲಿರುವ ಅಂಗ. ಕ್ಯಾಮೆರಾದ ಮುಂದೆ ಕುಳಿತವರು, ತಮಗೇ ಅರಿವಿಲ್ಲದೆ, ಮೊದಲ ಚಿತ್ರದಲ್ಲಿ ಹಣೆಯನ್ನು ಸಡಿಲಬಿಟ್ಟು ಎರಡನೆಯದರಲ್ಲಿ ಏರಿಸಿದರೆ ಶಸ್ತ್ರವಿಲ್ಲದೆಯೇ ಹಲವು ಮಿಲಿಮೀಟರುಗಳ ಅಂತರ ಬರುತ್ತದೆ. ಎರಡೂ ಚಿತ್ರಗಳಲ್ಲಿ ಹಣೆಯ ಅಡ್ಡ ಸುಕ್ಕುಗಳನ್ನು ಮೊದಲು ನೋಡಿ, ಆಮೇಲೆ ಹುಬ್ಬನ್ನು ಅಳೆಯುವುದು ಮೇಲು. ಮರಗಟ್ಟಿದ ನೆತ್ತಿಯಂತೂ ಯಾವ ಭಾವಚಿತ್ರದಲ್ಲಿಯೂ ಕಾಣುವುದಿಲ್ಲ. ಅದು ತಲೆ ಬಾಚಿಕೊಳ್ಳುವವರಿಗೆ ಮಾತ್ರ ಗೊತ್ತು.